ಔರಾದಕ್ಕೆ ಹೋಗಿ ಅತ್ತು ಬಂದದ್ದು

ಒಂದು ನಿಮಿಷ ತಡೆಯಿರಿ. ಬೆರಳನ್ನು ಫೋನಿನ ಮೇಲೆ ಹಾಗೇ ಇಟ್ಟಿರಿ, ಮೇಲಕ್ಕೆ ಜಾರಿಸಬೇಡಿ. ನಾನು ಹೇಳಬೇಕೆಂದಿರುವುದು ಔರಾದದಲ್ಲಿ ನಡೆದದ್ದು. ಆದರೆ ನೇರ ಔರಾದಕ್ಕೆ ಹೋಗುವ ಬಸ್ಸು ಈ ಬರಹದಲ್ಲಿಲ್ಲ. ಮೊದಲು ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆ, ಆಮೇಲೆ ಭಾಲ್ಕಿ, ಆಮೇಲೆ ಔರಾದ. ಕಾಯಬೇಕು. ನಮ್ಮ ಕಡೆಯವರಿಗೆ ಬಸ್ಸು ಕಾದು ಅಭ್ಯಾಸವಿದೆ, ಬೇರೆ ಕಡೆಯವರು ಈಗ ಮಾಡಿಕೊಳ್ಳಿ.

ಇವತ್ತು ಬೆಳಿಗ್ಗೆ ಪರ್ಸು ಝಾಡಿಸಿದೆ. ಬಸ್ ಟಿಕೆಟುಗಳ ಒಂದು ಉಂಡೆ ಬಿತ್ತು. ಎಲ್ಲವೂ ಹೆಣ್ಣುಮಕ್ಕಳಿಗೆ ಕೊಡುವ ಫ್ರೀ ಟಿಕೆಟುಗಳು. ಊರಿನ ಹೆಸರು ಮಾಸಿಹೋಗಿದೆ, ದರದ ಸೊನ್ನೆ ಮಾತ್ರ ಉಳಿದಿದೆ. ಕಸದ ಬುಟ್ಟಿಗೆ ಹಾಕಲು ಹೋದವಳು ಅಲ್ಲೇ ಕೂತುಬಿಟ್ಟೆ. ಜನರಿಗೆ ಹಳೆಯ ಆಲ್ಬಂ ನೋಡಿದರೆ ಏನೇನೋ ನೆನಪಾಗುತ್ತದಂತೆ. ನನಗೆ ಸೊನ್ನೆ ನೋಡಿದರೆ ಆಗುತ್ತದೆ.

ನನ್ನ ಪ್ರೇಮಭಂಗವನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದು ಆದದ್ದೂ ಚುಟುಕಾಗಿಯೇ. ವಿನೋದ ಒಂದು ಮೆಸೇಜು ಕಳಿಸಿದ: "ಮನ್ಯಾಗ ಒಪ್ಪಲ್ಲ ಅನ್ಲತಾರ. ಹೈದ್ರಾಬಾದಿನ ಸಂಬಂಧ ಬಂದದ. ನೀನೂ ಸ್ವಲ್ಪ ಪ್ರ್ಯಾಕ್ಟಿಕಲ್ ಆಗು." ಕೊನೆಗೆ ಎರಡು ಕೈ ಜೋಡಿಸಿದ ಚಿತ್ರ. ಅದು ಕ್ಷಮೆಯೋ, ಧನ್ಯವಾದವೋ, ಅಂಗಡಿಗೆ ಬಂದ ಗಿರಾಕಿಗೆ ಮಾಡುವ ನಮಸ್ಕಾರವೋ ಇವತ್ತಿಗೂ ಗೊತ್ತಿಲ್ಲ. ಅವರದು ಬಟ್ಟೆ ಅಂಗಡಿ, ಹಾಗಾಗಿ ಮೂರನೆಯದೇ ಇರಬೇಕು.

ನಾವಿಬ್ಬರೂ ಭೇಟಿಯಾಗುತ್ತಿದ್ದದ್ದು ಅಷ್ಟೂರಿನ ಸುಲ್ತಾನರ ಗೋರಿ-ಗುಮ್ಮಟಗಳ ಹತ್ತಿರ. ಅಲ್ಲಿಗೆ ಬರುವ ಬೇರೆ ಜೋಡಿಗಳು ಗೋಡೆಯ ಮೇಲೆ ಹೆಸರು ಕೆತ್ತುತ್ತಾರೆ. ನಾವು ಹಾಗೆಲ್ಲ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಅವನ ಫೋನಿನಲ್ಲಿ ಹೈದರಾಬಾದಿನ ಫ್ಲಾಟುಗಳ ನಕ್ಷೆ ನೋಡುತ್ತಿದ್ದೆವು. ಬಾಲ್ಕನಿ ಪೂರ್ವಕ್ಕೋ ಉತ್ತರಕ್ಕೋ, ಕಾರು ಬಿಳಿಯೋ ಬೂದಿಯೋ, ಅಡುಗೆಮನೆ ಹಳೆಯ ಥರದ್ದೋ ಮಾಡ್ಯುಲರೋ. ಹಿಂದೆ ಸುಲ್ತಾನರು ಮಲಗಿದ್ದರು, ಮುಂದೆ ನಾವು ಲಿಫ್ಟು ಇದೆಯೋ ಇಲ್ಲವೋ ಎಂದು ಚರ್ಚಿಸುತ್ತಿದ್ದೆವು. ಒಮ್ಮೆ ಅವನು ಬೂದಿ ಬಣ್ಣದ ಕಾರು ಅಂದದ್ದಕ್ಕೆ ನಾನು ವಾರಗಟ್ಟಲೆ ಮಾತು ಬಿಟ್ಟಿದ್ದೆ. ನಮ್ಮ ನಡುವೆ ಆದ ಜಗಳ ಅದೊಂದೇ. ಗೆದ್ದದ್ದು ಬಿಳಿ.

ಹೀಗಾಗಿ ವಿನೋದ ಹೋದಾಗ ಒಬ್ಬನೇ ಹೋಗಲಿಲ್ಲ. ಫ್ಲಾಟು, ಕಾರು, ಲಿಫ್ಟು, ಬಾಲ್ಕನಿ, ಬಾಲ್ಕನಿಯ ಪೂರ್ವದ ಬಿಸಿಲು ಎಲ್ಲವನ್ನೂ ಕರೆದುಕೊಂಡು ಹೋದ. ನಾನು ಮೊದಲು ಅತ್ತದ್ದು ಆ ಮಾಡ್ಯುಲರ್ ಅಡುಗೆಮನೆಗಾಗಿ.

ಅಳುವುದಕ್ಕೂ ನಮ್ಮ ಮನೆಯಲ್ಲಿ ಅನುಕೂಲವಿರಲಿಲ್ಲ. ವಿಷಯ ಗೊತ್ತಿದ್ದದ್ದು ಅವ್ವನಿಗೆ ಮಾತ್ರ. ಅಪ್ಪನಿಗೆ ಗೊತ್ತಾಗಬಾರದು, ಓಣಿಗಂತೂ ಗೊತ್ತಾಗಲೇಬಾರದು. ನನ್ನ ಕಣ್ಣು ಕೆಂಪಾಗಿದ್ದನ್ನು ನೋಡಿ ಪಕ್ಕದ ಮನೆಯಾಕೆ ಕೇಳಿದಾಗ ಅವ್ವ ಹಿಂದೆಮುಂದೆ ನೋಡದೆ "ಧೂಳಿಂದು ಅಲರ್ಜಿ ಅದರಿ ಆಕಿಗಿ" ಅಂದಳು. ಆಕೆ ಪಾಪ, ಮರುದಿನವೇ ಅಜವಾನದ ಹೊಗೆ ಹಾಕಲು ಬಂದಳು. ಪ್ರೇಮಭಂಗಕ್ಕೆ ಅಜವಾನದ ಹೊಗೆ ತೆಗೆದುಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬಹುದು. ಮೂಗು ಮಾತ್ರ ಬಹಳ ಹಗುರಾಯಿತು.

ಚಿಕ್ಕವಳಿದ್ದಾಗ ಇಷ್ಟು ಕಷ್ಟ ಇರಲಿಲ್ಲ. ಸಾಲೆಯಲ್ಲಿ ನನ್ನ ಅಳುವಿಗೆ ಹೆಸರಿತ್ತು. ಬೇರೆಯವರಿಗೆ ಪೆಟ್ಟು ಬಿದ್ದರೂ ನಾನೇ ಅಳುತ್ತಿದ್ದೆ. ಪೆಟ್ಟು ತಿಂದವನು ಸುಮ್ಮನೆ ಕೈ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಮಾಸ್ತರರು ಯಾರಿಗಾದರೂ ಹೊಡೆಯಬೇಕೆಂದರೆ ಮೊದಲು ನನ್ನನ್ನು ನೀರು ತರಲು ಕಳಿಸುತ್ತಿದ್ದರು. ನಾನು ಕೊಡ ಎತ್ತಿಕೊಂಡು ಹೊರಟೆ ಅಂದರೆ ತರಗತಿಗೆ ಎದೆ ಢವಢವ.

ಇರಲಿ. ಪ್ರೇಮಭಂಗವಾದವರು ಏನು ಮಾಡುತ್ತಾರೆ ಎಂದು ಫೋನಿನಲ್ಲಿ ಹುಡುಕಿದೆ. ಪ್ರವಾಸ ಹೋಗುತ್ತಾರೆ. ಎಲ್ಲರೂ ಬೆಟ್ಟಕ್ಕೇ ಹೋಗುತ್ತಾರೆ. ಹಿಮದ ಮುಂದೆ ನಿಂತು, ಕೈಯಲ್ಲಿ ಚಹಾದ ಲೋಟ ಹಿಡಿದು, "ಹಣ ಎಲ್ಲ ಅಲ್ಲ ಎಂದು ನನಗೆ ಇಲ್ಲಿ ಗೊತ್ತಾಯಿತು" ಅನ್ನುತ್ತಾರೆ. ನನಗೂ ಗೊತ್ತಾಗಲಿ ಎಂದು ಖರ್ಚು ವಿಚಾರಿಸಿದೆ. ಹಣ ಎಲ್ಲ ಅಲ್ಲ ಎಂದು ಕಲಿಯುವಷ್ಟು ಹಣ ನನ್ನ ಹತ್ತಿರ ಇರಲಿಲ್ಲ.

ಆಧಾರ್ ಕಾರ್ಡು ಇತ್ತು. ಅದನ್ನು ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗಾದರೂ ಹೋಗಬಹುದು. ಅದರ ಮೇಲಿನ ಫೋಟೋದಲ್ಲಿ ನಾನು ಆಗಲೇ ಪ್ರೇಮಭಂಗವಾದವಳ ಹಾಗೆ ಕಾಣುತ್ತೇನೆ, ತೆಗೆಸುವಾಗ ವಿನೋದ ಯಾರೆಂದೇ ಗೊತ್ತಿರಲಿಲ್ಲ.

ಇಲ್ಲಿ ಕಾಶತ್ತೆಯ ಪರಿಚಯ ಮಾಡಿಕೊಡಬೇಕು. ಕಾಶಿಬಾಯಿ, ನನ್ನ ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ನಾನು ಚಿಕ್ಕವಳಿದ್ದಾಗ ಮನ್ನಳ್ಳಿಯ ಅಜ್ಜನ ಮನೆಗೆ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ಆಕೆಯೇ. ಕಂಡಕ್ಟರ್ ಹತ್ತಿರ ಬಂದರೆ "ಅಂಬಿ, ಕಾಲ್ ಮಡಚು, ಸಣ್ಣಾಕಿ ಆಗು" ಅನ್ನುತ್ತಿದ್ದಳು, ಅರ್ಧ ಟಿಕೆಟು ಉಳಿಯಲಿ ಎಂದು. ನಾನು ಸಣ್ಣವಳಾಗುತ್ತಿದ್ದೆ. ಆದರೆ ಕಂಡಕ್ಟರ್ ಕೇಳಿದ ಕೂಡಲೇ ನನ್ನ ವಯಸ್ಸು, ತರಗತಿ, ಮಾಸ್ತರರ ಹೆಸರು ಎಲ್ಲ ಹೇಳಿಬಿಡುತ್ತಿದ್ದೆ.

ಈಗ ಬಸ್ಸು ಫ್ರೀ ಆದ ಮೇಲೆ ಕಾಶತ್ತೆಗೆ ಯಾರೂ ಸಣ್ಣವರಾಗಬೇಕಿಲ್ಲ. ಬೇರೆ ಹೆಂಗಸರು ದೇವರು ದಿಂಡರು ಎಂದು ಹೊರಟರು. ಕಾಶತ್ತೆ ಬಾಕಿ ತೀರಿಸಲು ಹೊರಟಳು. ನಮ್ಮ ಕಡೆ ಸಾವಾದ ಮನೆಗೆ ರೊಟ್ಟಿ ಕಟ್ಟಿಕೊಂಡು ಹೋಗಿ, ಉಳಿದವರ ಹತ್ತಿರ ಕೂತು, ಅತ್ತು, ನಾಲ್ಕು ಮಾತಾಡಿ ಬರುವುದಕ್ಕೆ "ಮಾತಾಡ್ಸಿ ಬರೋದು" ಅನ್ನುತ್ತಾರೆ. ಹೋಗದಿದ್ದರೆ ಅದು ಹಾಗೇ ಉಳಿಯುತ್ತದೆ. ಮುಂದೆ ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗ, ಅನ್ನ ಬಡಿಸುತ್ತಲೇ ಕೇಳುತ್ತಾರೆ: "ನಮ್ಮವ್ವ ಹೋದಾಗ ಬರ್ಲೇ ಇಲ್ಲಲ್ರಿ?" ಆಮೇಲೆ ಆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕಾಶತ್ತೆಯ ಹತ್ತಿರ ಇಂಥ ಬಾಕಿ ಎಷ್ಟೋ ವರ್ಷದ್ದು ಕೂಡಿತ್ತು. ಎಲ್ಲ ಬಾಯಿಪಾಠ. ಭಾಲ್ಕಿಯ ಕಡೆ ಇಂಥವರು, ಔರಾದದ ಕಡೆ ಇಂಥವರು ಎಂದು ತಾಲೂಕುವಾರು ನೆನಪಿಟ್ಟಿದ್ದಳು.

"ಅಂಬಿ, ಐತವಾರ ಖಾಲಿ ಅದಿಯೇನು?" ಎಂದು ಕೇಳಿದಳು. "ರೊಟ್ಟಿ ಚೀಲ ಭಾಳ ಭಾರ ಆಗ್ತದ. ಬಾ ನನ್ನ ಕೂಡ."

ಹೀಗೆ ನನ್ನ ಪ್ರವಾಸ ಶುರುವಾಯಿತು. ಹಿಮದ ಬದಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಮೊದಲನೆಯದು ಭಾಲ್ಕಿ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರಿ ಆಯಿ?" ಅಂದ.

"ಭಾಲ್ಕಿಗಪಾ. ಮಾತಾಡ್ಸಲಾಕ ಹೊಂಟೀವಿ."

"ಅಯ್ಯೋ. ಯಾವಾಗ ಹೋದ್ರು ಪಾಪ?"

"ಹಿಂದಿನ ಎಲೆಕ್ಷನ್ನಿಗಿಂತ ಮೊದಲು."

ಕಂಡಕ್ಟರ್ ಟಿಕೆಟು ಹರಿದು ಕೊಟ್ಟ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಇಂಥವರನ್ನು ಅವನು ದಿನಾ ಕಾಣುತ್ತಿದ್ದ ಅನಿಸುತ್ತದೆ.

ದಾರಿಯಲ್ಲಿ ಕಾಶತ್ತೆ ನನಗೆ ಅಳುವ ರೀತಿ ಹೇಳಿಕೊಟ್ಟಳು. ಹೊಸ್ತಿಲು ದಾಟುವ ಮೊದಲೇ ಶುರು ಮಾಡಬೇಕು. ಕೂತ ಮೇಲೆ ಶುರು ಮಾಡಿದರೆ ಒಳಗೆ ಬಂದು ಯೋಚನೆ ಮಾಡಿ ಅತ್ತಂತೆ ಆಗುತ್ತದೆ. ಸುಮ್ಮನೆ ಅಳಬಾರದು, ಸತ್ತವರನ್ನು ಏಕವಚನದಲ್ಲಿ ಕೂಗಿ ಕೇಳುತ್ತ ಅಳಬೇಕು: ಹ್ಯಾಂಗ ಹೋದಿ, ಯಾಕ ಬಿಟ್ಟಿ, ಇನ್ನ ಮನಿ ಹ್ಯಾಂಗ ನಡೀತದ ಎಂದು. ಯಾರಾದರೂ ನೀರು ತಂದು ಕೊಟ್ಟ ಕೂಡಲೇ ನಿಲ್ಲಿಸಬೇಕು. ನೀರು ಬಂದ ಮೇಲೂ ಅತ್ತರೆ ಮನೆಯವರಿಗೆ ತ್ರಾಸು.

ಭಾಲ್ಕಿಯಲ್ಲಿ ಸ್ಟೇಷನ್ ಕಡೆಯ ಒಂದು ಮನೆ. ತೀರಿಹೋಗಿದ್ದದ್ದು ಆ ಮನೆಯ ಸೊಸೆ. ಕಾಶತ್ತೆ ಅಂಗಳದಲ್ಲೇ ಸೆರಗು ಬಾಯಿಗೆ ಹಿಡಿದು ಶುರು ಮಾಡಿದಳು: "ಹ್ಯಾಂಗ ಹೋದಿ ನನ್ನ ತಂಗೀ! ಇನ್ನ ನಿನ್ನ ಮನಿ ಯಾರ ನೋಡ್ಕೊಂತಾರವ್ವಾ!"

ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಒಬ್ಬಳು ಹೊರಗೆ ಬಂದಳು. ಸೊಂಟದ ಮೇಲೆ ಒಂದು ಕೂಸು.

"ನಾನೇ ನೋಡ್ಕೊಳ್ಳತೀನ್ರಿ," ಅಂದಳು. "ಒಳಗ ಬರ್ರಿ."

ಆಕೆ ಎರಡನೆಯ ಹೆಂಡತಿ. ಮನೆಗೆ ಹೊಸ ಬಣ್ಣ ಹಚ್ಚಿದ್ದರು. ಕಾಶತ್ತೆ ಅಳುವನ್ನು ಅರ್ಧಕ್ಕೇ ಬಿಡದೆ, ಮೆಲ್ಲಗೆ ಇಳಿಸಿ, ಕೂಸಿನ ಗಲ್ಲ ಸವರಿ, "ಛಂದ ಅದ ಕೂಸು" ಎಂದು ಮುಗಿಸಿದಳು. ಚಹಾ ಕುಡಿದೆವು. ರೊಟ್ಟಿ ಕೊಟ್ಟೆವು. ಗೋಡೆಯ ಮೇಲಿನ ಫೋಟೋದಿಂದ ಮೊದಲನೆಯವಳು ನಮ್ಮನ್ನೇ ನೋಡುತ್ತಿದ್ದಳು, ತಡವಾಗಿ ಬಂದಿರಿ ಎನ್ನುವಂತೆ. ನನಗೆ ಅಳಲು ಅವಕಾಶವೇ ಸಿಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಶತ್ತೆ ಕೈ ಝಾಡಿಸಿ "ಭಾಲ್ಕಿದು ಮುಗೀತು" ಅಂದಳು.

ಮುಂದಿನ ಭಾನುವಾರ ಔರಾದ. ಕಾದಿದ್ದಕ್ಕೆ ಉಪಕಾರ, ಈಗ ಬಂತು.

ಔರಾದದಲ್ಲಿ ತೀರಿಕೊಂಡಿದ್ದವರು ಶರಣಪ್ಪ ಎಂಬ ವಯಸ್ಸಾದವರು, ಕಾಶತ್ತೆಯ ಗಂಡನಿಗೆ ದೂರದ ಅಣ್ಣ ಆಗಬೇಕು. ಹೋಗಿ ಇನ್ನೂ ವಾರ ಕೂಡ ಆಗಿರಲಿಲ್ಲ. "ಇದು ತಾಜಾ ಅದ," ಅಂದಳು ಕಾಶತ್ತೆ, "ಚಂದಾಗಿ ಅಳಬೇಕು." ನಾನು ಅವರನ್ನು ನೋಡಿಯೇ ಇರಲಿಲ್ಲ.

ಔರಾದಕ್ಕೆ ರೈಲಿಲ್ಲ. ಹೀಗಾಗಿ ಬೀಗರು, ಸೋಯಾ ಮಾರಲು ಬಂದು ಹೋಗುವ ರೈತರು, ಕಾಲೇಜಿನ ಹುಡುಗಿಯರು, ದುಃಖದವರು ಎಲ್ಲ ಒಂದೇ ಬಸ್ಸಿನಲ್ಲಿ. ನನಗೆ ಕಿಟಕಿ ಸಿಕ್ಕಿತ್ತು. ಕೆಂಪು ಮಣ್ಣು ಹೋಗಿ ಕಪ್ಪು ಮಣ್ಣು ಬಂತು, ತೊಗರಿ ಹೂ ಬಿಟ್ಟಿತ್ತು. ಪ್ರವಾಸ ಹೋದವರು ಇಂಥ ಕಡೆ ಮನಸ್ಸು ತಿಳಿಯಾಯಿತು ಎಂದು ಬರೆಯುತ್ತಾರೆ. ನಾನೂ ತಿಳಿಯಾಗಲು ತಯಾರಾಗಿದ್ದೆ. ಸಂತಪುರ ದಾಟುತ್ತಿದ್ದಂತೆ ಫೋನು ಟಿಣ್ ಅಂತು.

ಗೆಳತಿ ಕಳಿಸಿದ ಫೋಟೋ. ವಿನೋದನ ನಿಶ್ಚಯ. ಅವನು ಜರಿಯ ಶೇರ್ವಾನಿ ಹಾಕಿಕೊಂಡು ಒಂದು ಹೊಸ ಕಾರಿನ ಪಕ್ಕ ನಿಂತಿದ್ದ. ಹುಡುಗಿ ಇನ್ನೊಂದು ಪಕ್ಕ. ಕಾರು ನಡುವೆ. ಬಿಳಿ.

"ಏನಾತ?" ಅಂದಳು ಕಾಶತ್ತೆ.

"ಅಲರ್ಜಿ ಅತ್ತಿ."

"ಕಿಡಕಿ ಹಾಕ್ಕೋ."

ಕಿಟಕಿ ಹಾಕಿಕೊಂಡೆ. ತುಟಿ ಕಚ್ಚಿಕೊಂಡು, ಔರಾದದ ತನಕ ಹಿಡಿದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದುಕೊಂಡೆ, ಬಜಾರಿನಲ್ಲಿ ಹಿಡಿದುಕೊಂಡೆ. ಆ ಮನೆಯ ಅಂಗಳದಲ್ಲಿ ಗಂಡಸರು ತಲೆಗೆ ಟುವಾಲು ಸುತ್ತಿಕೊಂಡು ಸುಮ್ಮನೆ ಕೂತಿದ್ದರು. ಒಳಗಿನಿಂದ ಹೆಂಗಸರ ಅಳು ಕೇಳುತ್ತಿತ್ತು. ಕಾಶತ್ತೆ ಸೆರಗು ಸರಿ ಮಾಡಿಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ನನ್ನದು ಬಂದುಬಿಟ್ಟಿತು.

ಹೊಸ್ತಿಲು ದಾಟುವ ಮೊದಲೇ ಬಂತು, ಅದು ಮಾತ್ರ ರೀತಿಗೆ ಸರಿಯಾಗಿತ್ತು. ಉಳಿದದ್ದು ನನ್ನ ಕೈಯಲ್ಲಿರಲಿಲ್ಲ. ಅಷ್ಟು ದಿನ ಅಜವಾನದ ಹೊಗೆಯಲ್ಲಿ ಕೂತಿದ್ದದ್ದೆಲ್ಲ ಒಟ್ಟಿಗೇ ಎದ್ದು ಬಂತು. ಒಳಗೆ ಬಿಳಿ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದ ಮುದುಕಿಯ ಮಡಿಲಿಗೆ ಹೋಗಿ ಬಿದ್ದೆ. ಆಕೆಯೇ ನೀಲಮ್ಮ, ಶರಣಪ್ಪನವರ ಹೆಂಡತಿ. ಆಕೆ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆ ಕೈ ಇಟ್ಟದ್ದೇ ತಡ, ನನ್ನ ಬಾಯಿಂದ ಮಾತುಗಳೂ ಬರತೊಡಗಿದವು. ಏಕವಚನದಲ್ಲೇ.

"ನನ್ನ ಬಿಟ್ಟು ಹ್ಯಾಂಗ ಹೋದಿ! ಮನಿ ಮಾಡ್ತೀನಿ ಅಂದಿದ್ದಿ! ನನ್ನ ಹೆಸರಿಗೇ ಮಾಡ್ತೀನಿ ಅಂದಿದ್ದಿ! ಮನ್ಯಾಗಿನವರಿಗಿ ಅಂಜಿ ನನ್ನ ಕೈ ಬಿಟ್ಟಿ!"

ಸುತ್ತಲಿನ ಅಳು ಒಂದೊಂದಾಗಿ ನಿಂತಿತು. ನಾನು ಅದನ್ನು ಗಮನಿಸಲಿಲ್ಲ. ಯಾರೋ ನೀರು ತಂದರು, ನಾನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಕಾಶತ್ತೆ ಬಾಯಿ ತೆರೆದು ನಿಂತಿದ್ದಳು. ಆಕೆ ಶುರು ಮಾಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

ಉಸಿರಿಗೆಂದು ತಲೆ ಎತ್ತಿದಾಗ ಇಬ್ಬರು ಸೊಸೆಯರು ಅಡುಗೆಮನೆಯ ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಿರಿಯ ಮಗ ಮಲ್ಲಣ್ಣ ಹೊಸ್ತಿಲ ಹತ್ತಿರ ಬಂದಿದ್ದ.

"ಕಾಕಿ, ಒಂದು ಮಾತು. ಹೊರಗ ಬರ್ತೀರೇನ್ರಿ?" ಅಂದ. ಹೊರಗೆ ಅಂದರೆ ಬಾಗಿಲಿನ ಆಚೆ ಬದಿ. ಎಲ್ಲ ಕೇಳುತ್ತಿತ್ತು.

"ಈ ಹುಡುಗಿ ಯಾರ್ರಿ?"

"ನಮ್ಮ ತಮ್ಮನ ಮಗಳು."

"ಹೌದ್ರಿ. ತಾಯಿ ಯಾರು?"

"ನಮ್ಮ ತಮ್ಮನ ಹೇಣ್ತಿ! ಮತ್ಯಾರಿರ್ತಾರ?" ಕಾಶತ್ತೆಯ ಧ್ವನಿ ಏರಿತು. "ಚಿದ್ರಿಗಿ ಬಾ, ತೋರಸ್ತೀನಿ, ರೊಟ್ಟಿ ಬಡೀಲತಾಳ!"

"ಸಿಟ್ಟಾಗಬ್ಯಾಡ್ರಿ ಕಾಕಿ. ಅಪ್ಪಾ ವಾರಕ್ಕೊಮ್ಮೆ ಬೀದರಕ್ಕ ಹೋಗ್ತಿದ್ದ. ಗಂಜ್ ಬಜಾರದಾಗ ಮಾಲಿನ ರೇಟು ಕೇಳಲಾಕ ಅಂತಿದ್ದ. ರೇಟು ಫೋನಿನಾಗೂ ಬರ್ತದಲ್ರಿ. ಈಗ ಈ ಹುಡುಗಿ ಹೆಸರಿಗಿ ಮನಿ ಮಾಡ್ತೀನಿ ಅಂದಾನಂತ. ನಾಳಿ ಹೊಲದ ಪಹಣಿಗೂ ಹೆಸರು ಕೂಡಿಸ್ರಿ ಅಂತ ಬಂದ್ರ ನಾವೇನ್ ಮಾಡಬೇಕು?"

ನನಗೆ ಆಗ ಅರ್ಥವಾಯಿತು. ಶರಣಪ್ಪನವರಿಗೆ ಬೀದರಿನಲ್ಲಿ ಇನ್ನೊಂದು ಸಂಸಾರವಿದೆ, ನಾನು ಅದರ ಮಗಳು, ಪಾಲು ಕೇಳಲು ಬಂದಿದ್ದೇನೆ, ಬರುವಾಗ ರೊಟ್ಟಿಯನ್ನೂ ತಂದಿದ್ದೇನೆ.

ಇದಕ್ಕೆ ನಗಬಹುದಿತ್ತು. ಆದರೆ ನನ್ನ ಬೆನ್ನ ಮೇಲಿದ್ದ ನೀಲಮ್ಮನ ಕೈ ಎದ್ದುಹೋಯಿತು. ಆಕೆ ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಗಂಡನನ್ನು ಮೊನ್ನೆ ಮೊನ್ನೆ ಮಣ್ಣಿಗೆ ಕೊಟ್ಟ ಹೆಂಗಸು. ಈಗ ನಾನು ಬಂದು, ಉಳಿದಿದ್ದ ಗಂಡನನ್ನೂ ಕಸಿದುಕೊಳ್ಳುತ್ತಿದ್ದೆ. ನಿಜ ಹೇಳಿದರೆ ಅವರು ಆಕೆಗೆ ವಾಪಸು ಸಿಗುತ್ತಾರೆ. ಹೇಳಿದರೆ ನನ್ನ ವಿಷಯ ಔರಾದಕ್ಕೆಲ್ಲ ಗೊತ್ತಾಗಿ, ನಾನು ಮನೆ ಮುಟ್ಟುವ ಮೊದಲೇ ಚಿದ್ರಿ ಮುಟ್ಟುತ್ತದೆ. ಮಾತಿಗೂ ಬಸ್ಸು ಫ್ರೀ.

"ಮಲ್ಲ್ಯಾ, ಒಳಗ ಬಾ," ಅಂದಳು ನೀಲಮ್ಮ. "ಏನ್ ಕೇಳ್ತಿ ನನ್ನ ಮುಂದ ಕೇಳು." ಅವನು ಬಂದು ಗೋಡೆಗೆ ಒರಗಿ ನಿಂತ. ಆಕೆಯೇ ನನ್ನ ಕಡೆ ತಿರುಗಿದಳು. "ಖರೇ ಹೇಳು ತಂಗಿ. ನೀ ಅವರಿಗಿ ಏನಾಗಬೇಕು?"

"ಏನೂ ಆಗಬೇಕಿಲ್ರಿ ಆಯಿ. ನಾ ಅವರಿಗಿ ನೋಡೇ ಇಲ್ಲ."

"ಮತ್ತ ಮನಿ ಮಾಡ್ತೀನಿ ಅಂದಾಂವ ಯಾರು?"

"ವಿನೋದ ಅಂತ್ರಿ."

ಹೇಳಿಬಿಟ್ಟೆ. ಕಾಶತ್ತೆಯ ಕಡೆ ನೋಡಲಿಲ್ಲ. "ನನಗ ಲಗ್ನ ಮಾಡ್ಕೊಳ್ಳೋನಿದ್ದ್ರಿ. ಈಗ ಬ್ಯಾರೆದಾಕಿಗಿ ಮಾಡ್ಕೊಳ್ಳತಾನ. ಬಸ್ಸಿನಾಗ ಫೋಟೋ ಬಂತು. ನಿಮ್ಮ ಬಾಗಲದ ತನಕ ಹ್ಯಾಂಗೋ ತಡಕೊಂಡಿದ್ದೆ."

ಫೋಟೋ ತೋರಿಸಿದೆ, ಸಾಕ್ಷಿ ಬೇಕಲ್ಲ. ಫೋನು ಕೈಯಿಂದ ಕೈಗೆ ಹೋಯಿತು. ಸೊಸೆಯರಲ್ಲಿ ಸಣ್ಣವಳು "ಕಾರ್ ಚಲೋ ಅದ" ಅಂದಳು. ಮಲ್ಲಣ್ಣನೂ ಇಣುಕಿ ನೋಡಿ, ಮುಖದ ಗಂಟು ಸಡಿಲ ಮಾಡಿ, ನನ್ನ ದುಃಖದಲ್ಲಿ ತಾನೂ ಭಾಗಿ ಎಂಬಂತೆ ತಲೆ ಅಲ್ಲಾಡಿಸಿದ.

ನೀಲಮ್ಮ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಈಂವ ಸತ್ತಿಲ್ಲ?"

"ಇಲ್ರಿ."

"ಜೀವಂತ ಇದ್ದಾಂವಗ ಹಿಂಗ ಅತ್ತಿಯಲ್ಲವ್ವಾ ನೀ!"

ಆಕೆಯ ಭುಜ ಕುಲುಕಿತು. ಮತ್ತೆ ಅಳುತ್ತಿದ್ದಾಳೆ ಎಂದು ಎಲ್ಲರೂ ಹತ್ತಿರ ಸರಿದರು. ಆಕೆ ನಗುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಿದ್ದಳು. ಗಂಡ ಸತ್ತ ಮನೆಯಲ್ಲಿ ಹೆಂಡತಿ ನಕ್ಕರೆ ಉಳಿದವರು ಏನು ಮಾಡಬೇಕೆಂದು ನಮ್ಮ ಕಡೆ ಯಾರೂ ಹೇಳಿಕೊಟ್ಟಿಲ್ಲ. ಎಲ್ಲರೂ ನೆಲ ನೋಡಿದರು.

"ಒಂದು ಗಳಿಗಿ ಎದಿ ಧಸಕ್ ಅಂದಿತ್ತು ನೋಡು," ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಬೀದರಕ್ಕ ಯಾಕ ಹೋಗ್ತಿದ್ದ ಗೊತ್ತದೇನು ನಿಮ್ಮಪ್ಪ? ಡಾಕ್ಟರು ಎಣ್ಣಿ ಬ್ಯಾಡ ಅಂದಿದ್ರು. ಗಂಜಿನ ಬಾಜೂಕ ಹೋಟೆಲಿನಾಗ ಕುಂತು ಪೂರಿ ಭಾಜಿ ತಿಂದು ಬರ್ತಿದ್ದ. ಟುವಾಲಿಗಿ ಕೈ ಒರಸ್ಕೊಂಡಿರ್ತಿದ್ದ. ಒಗಿಯಾಕಿ ನಾನಲ್ಲ? ವಾಸನಿ ಬರ್ತಿತ್ತು."

"ನೀ ಕೇಳಲಿಲ್ಲೇನವ್ವ?"

"ಏನಂತ ಕೇಳಲಿ? ರೇಟು ಹ್ಯಾಂಗದರಿ ಅಂತಿದ್ದೆ. ಬಿದ್ದದ ಅಂತಿದ್ದ."

ಶರಣಪ್ಪನವರ ಎರಡನೆಯ ಸಂಸಾರ ಒಂದು ತಟ್ಟೆ ಪೂರಿ. ಮಲ್ಲಣ್ಣ ಹೊರಗೆ ಹೋಗಿ ಗಂಡಸರ ನಡುವೆ ಕೂತ. ಪಹಣಿಯ ಮಾತು ಮತ್ತೆ ಬರಲಿಲ್ಲ.

ನಾನು ಏಳಬೇಕೆಂದಿದ್ದೆ. ನೀಲಮ್ಮ ಬಿಡಲಿಲ್ಲ. ಕೈ ಮತ್ತೆ ಬೆನ್ನಿನ ಮೇಲೆ ಬಂದಿತ್ತು. ಆಕೆ ಸಾವಿನ ಮನೆಯವರು ಕೇಳುವ ರೀತಿಯಲ್ಲೇ, ಮೆಲ್ಲಗೆ ಕೇಳಿದಳು:

"ಹ್ಯಾಂಗಿದ್ದ ತಂಗಿ ಅವ?"

"ಬಟ್ಟಿ ಅಂಗಡಿ ಅದರಿ ಅವರದು. ನೌಬಾದಿನ ಕಡಿ ಪ್ಲಾಟ್ ಅವ."

"ಅದಲ್ಲವ್ವ. ಅವ ಹ್ಯಾಂಗಿದ್ದ?"

"ಹೈದ್ರಾಬಾದಿನಾಗ ಫ್ಲಾಟ್ ತಗೊಳ್ಳೋನಿದ್ದ್ರಿ. ಬಾಲ್ಕನಿ ಪೂರ್ವಕ್ಕ..."

ಅಲ್ಲಿಗೆ ನಿಂತೆ. ಎಲ್ಲ ಹೆಂಗಸರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅವರಿಗೆ ಅವಸರ ಇರಲಿಲ್ಲ. ನಾನು ಹುಡುಕಿದೆ. ಅಷ್ಟೂರಿನ ಕಟ್ಟೆಯನ್ನೆಲ್ಲ ಹುಡುಕಿದೆ. ಅವನಿಗೆ ಯಾವ ಪಲ್ಯ ಸೇರುತ್ತಿತ್ತು? ಯಾವುದಕ್ಕೆ ನಗುತ್ತಿದ್ದ? ಸಿಟ್ಟು ಬಂದರೆ ಏನು ಮಾಡುತ್ತಿದ್ದ? ಫೋನಿನ ಪರದೆಯನ್ನು ಹಿಗ್ಗಿಸಿ ನಕ್ಷೆ ತೋರಿಸುತ್ತಿದ್ದ ಎರಡು ಬೆರಳು ನೆನಪಾದವು. ಬೆರಳಿನ ಮೇಲೆ ಮುಖ ಬರಲೇ ಇಲ್ಲ.

ಪಕ್ಕದ ಮನೆಯ ಜುಬೇದಾ ಖಾಲಾ ಅಲ್ಲೇ ಕೂತಿದ್ದಳು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ದಿನಾ ಚಹಾ ಮಾಡಿ ತರುತ್ತಿದ್ದವಳು ಆಕೆಯೇ. ಕೆಟಲಿನಿಂದ ನನ್ನ ಕಪ್ಪು-ಬಸಿಗೆ ಚಹಾ ಸುರಿಯುತ್ತ, ಬಹಳ ಕಾಳಜಿಯಿಂದ ಕೇಳಿದಳು:

"ಹಂಗಾದ್ರ ಬೇಟಾ, ನೀ ಅತ್ತದ್ದು ಬಿಲ್ಡಿಂಗಿಗೇನು?"

ಚುಚ್ಚಲು ಕೇಳಿದ್ದಲ್ಲ. ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಚಹಾ ಕುಡಿದೆ.

ಆಮೇಲೆ ನೀಲಮ್ಮ, ನಾನು ಕೇಳದೇ ಇದ್ದರೂ, ತನ್ನವರು ಹೇಗಿದ್ದರು ಎಂದು ಹೇಳಿದಳು. ಬಸ್ಸು ಬಂದು ನಿಲ್ಲುವ ಮೊದಲೇ ಶರಣಪ್ಪ ಓಡಿಹೋಗಿ ಕಿಟಕಿಯಿಂದ ಟುವಾಲು ಒಗೆದು ಜಾಗ ಹಿಡಿಯುತ್ತಿದ್ದರಂತೆ. ಹಿಡಿದದ್ದು ಒಂದೇ ಜಾಗ. ಅಲ್ಲಿ ನೀಲಮ್ಮ. ಅವರು ಉದ್ದಕ್ಕೂ ಪಕ್ಕದಲ್ಲಿ ನಿಂತು, ಸೀಟು ಸಿಕ್ಕದವರನ್ನೆಲ್ಲ "ಹುಷಾರಿಯಿಂದ ಜಾಗಾ ಹಿಡೀಬೇಕ್ರಿ" ಎಂದು ಬೈಯುತ್ತ ಬರುತ್ತಿದ್ದರು. ಪಕ್ಕದ ಜಾಗ ಖಾಲಿಯಾದರೂ ಕೂರುತ್ತಿರಲಿಲ್ಲ. ಕೂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಊರು ದಾಟಿ ಹೋಗುತ್ತದೆ ಎಂಬ ಭಯ. "ಒಮ್ಮೀನೂ ದಾಟಿ ಹೋಗಿಲ್ಲ," ಅಂದಳು. "ಆದ್ರೂ ಕೂಡಲಿಲ್ಲ. ಅಂಥಾ ಹಟಮಾರಿ."

ಆ ಮನೆಯವರಿಗೆ ಹೊಲ ಎಷ್ಟಿದೆ ಎಂದು ಆಕೆ ಹೇಳಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಸಾವಿನ ಮನೆಯಿಂದ ಹೊರಡುವಾಗ "ಬರ್ತೀನಿ" ಅನ್ನಬಾರದು. ಸುಮ್ಮನೆ ಎದ್ದು ಹೋಗಬೇಕು, ಅವರೂ ಬಾ ಅನ್ನಬಾರದು. ಬಾ ಎಂದರೆ ಮತ್ತೊಂದು ಸಾವಿಗೆ ಕರೆದಂತೆ. ಕಾಶತ್ತೆ ಎದ್ದಳು, ನಾನೂ ಎದ್ದೆ, ತಲೆ ತಗ್ಗಿಸಿ ಹೊಸ್ತಿಲು ದಾಟಿದೆವು. ಹಿಂದಿನಿಂದ ನೀಲಮ್ಮನ ಧ್ವನಿ ಬಂತು.

"ಏ ಅಳೋ ಹುಡುಗಿ, ಮತ್ತ ಬಾ."

ಯಾರೋ "ಹಂಗನ್ನಬಾರದ್ರಿ" ಎಂದು ತಡೆದರು. ಆಕೆ ಇನ್ನೊಮ್ಮೆ ಅಂದಳು.

ವಾಪಸು ಬಸ್ಸಿನಲ್ಲಿ ಕಾಶತ್ತೆ ಖಾಲಿ ಚೀಲ ಝಾಡಿಸಿದಳು. ನಾನು ನನ್ನ ಮುಂದಿನ ಬಾಳಿನ ಚಿತ್ರ ನೋಡುತ್ತ ಕೂತಿದ್ದೆ: ಅಪ್ಪ, ಓಣಿ, ಅಜವಾನ. ಕೊನೆಗೆ ಆಕೆ ಚೀಲ ಮಡಚುತ್ತ ಅಂದಳು: "ಧೂಳಿನ ಅಲರ್ಜಿ ಬರೀ ಫೋನ್ ನೋಡಿದಾಗ ಬರ್ತದೇನು? ಅಷ್ಟೂ ತಿಳೀದಾಕಿ ಅಂತ ತಿಳ್ಕೊಂಡಿಯೇನ್ ನನಗ?"

"ಮತ್ತ ಅದಕ್ಕೇ ನನಗ ಕರ್ಕೊಂಡು ಬಂದಿಯೇನು ಅತ್ತಿ?"

"ಚೀಲ ಹೊರಲಾಕ ಕರ್ಕೊಂಡು ಬಂದೀನಿ," ಅಂದಳು. ಮನೆಗೆ ಹೋದ ಮೇಲೆ ಯಾರಿಗೂ ಏನೂ ಹೇಳಲಿಲ್ಲ. ಔರಾದದಿಂದಲೂ ಯಾವ ಮಾತೂ ಚಿದ್ರಿ ಮುಟ್ಟಲಿಲ್ಲ.

ಹಾಗೆಂದು ನನಗೆ ಜ್ಞಾನೋದಯವಾಯಿತು ಎಂದುಕೊಳ್ಳಬೇಡಿ. ಬಿಳಿ ಕಾರು ಕಂಡರೆ ಈಗಲೂ ಒಳಗೆ ಯಾರಿದ್ದಾರೆ ಎಂದು ಇಣುಕುತ್ತೇನೆ. ಆದರೆ ಐತವಾರ ಬಂದರೆ ಚೀಲ ನಾನೇ ತೆಗೆಯುತ್ತೇನೆ. ಕಾಶತ್ತೆಯ ಬಾಕಿಗಳು ತೀರುತ್ತ ಬಂದಿವೆ. ಹೋದ ಮನೆಯಲ್ಲೆಲ್ಲ ಅತ್ತು, ನೀರು ಕುಡಿದು, ನೀಲಮ್ಮನ ಪ್ರಶ್ನೆಯನ್ನೇ ಕೇಳುತ್ತೇನೆ: ಹ್ಯಾಂಗಿದ್ರು ಅವರು? ಒಬ್ಬರು ಹಾಲಿಗೆ ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದರಂತೆ. ಒಬ್ಬಳು ಕುರಿಗಳಿಗೆಲ್ಲ ತನ್ನ ನಾದಿನಿಯರ ಹೆಸರಿಟ್ಟು ಬೈಯುತ್ತಿದ್ದಳಂತೆ. ಇಷ್ಟು ಮನೆಗಳಲ್ಲಿ ಆಸ್ತಿಯ ಬಗ್ಗೆ ಹೇಳಿದವರು ಒಬ್ಬರೇ. ಅವರು ಅಳಿಯ.

ಮೊನ್ನೆ ಅವ್ವ ಒಂದು ಸಂಬಂಧ ತಂದಳು. ಎರಡಂತಸ್ತಿನ ಮನೆ, ಟ್ರ್ಯಾಕ್ಟರು, ಪೆಟ್ರೋಲ್ ಬಂಕಿನಲ್ಲಿ ಪಾಲು. "ಹುಡುಗ ಹ್ಯಾಂಗದಾನ ಅವ್ವ?" ಅಂದೆ. ಅವ್ವ ಮತ್ತೆ ಎರಡಂತಸ್ತಿನಿಂದ ಶುರು ಮಾಡಿದಳು. ನಾನು ಕೈ ಎತ್ತಿ ತಡೆದೆ. ಹೋಗಿ ಕೇಳಿಕೊಂಡು ಬಾ ಅಂದೆ. ಕೇಳಲು ಹೋಗಿದ್ದಾಳೆ. ಸಿಟ್ಟಿನಲ್ಲಿಯೇ ಹೋಗಿದ್ದಾಳೆ, ಆದರೆ ಹೋಗಿದ್ದಾಳೆ.

ಆಕೆ ಬರುವ ತನಕ ನೀವು ಹೇಳಿ. ನಿಮ್ಮನ್ನು ಬಿಟ್ಟು ಹೋದವರು ಯಾರಾದರೂ ಇದ್ದೇ ಇರುತ್ತಾರೆ, ಸತ್ತೋ, ಸಾಯದೆಯೋ. ಅವರು ಹ್ಯಾಂಗಿದ್ರು? ಅಂಗಡಿ, ಹೊಲ, ಪ್ಲಾಟು ಬಿಟ್ಟು ಬೇರೆ ಏನಾದರೂ ಬರೆದು ಕಳಿಸಿ, ಒಂದು ಸಾಲಾದರೂ ಸಾಕು. ಏನೂ ಹೊಳೆಯದಿದ್ದರೆ ಹೊಳೆಯಲಿಲ್ಲ ಎಂದೇ ಬರೆಯಿರಿ. ನಾನೊಬ್ಬಳೇ ಅಲ್ಲ ಎಂದು ಜುಬೇದಾ ಖಾಲಾಗೆ ತೋರಿಸಬೇಕಾಗಿದೆ.